ಶಿಬಿರದ ಮುಲಾಮು ಅಕ್ಕ

ಬೆಳಗಿನ ಐದೂಮುಕ್ಕಾಲು. ಮಕ್ಕಳ ಬೇಸಿಗೆ ಶಿಬಿರದ ಆರೈಕೆ ಕೋಣೆ ಆಗಲೇ ತೆರೆದಿದೆ. ಒಳಗೆ ಎರಡು ಮಂಚ, ಒಂದು ಬೀರು, ಬೇಸಿನ್ನಿನ ಪಕ್ಕ ತೊಳೆದಿಟ್ಟ ಕತ್ತರಿ, ಚಿಮುಟ. ಇಪ್ಪತ್ತೊಂದರ ಯುವತಿಯೊಬ್ಬಳು ಪುಟ್ಟ ಬಟ್ಟಲುಗಳಿಗೆ ಮಾತ್ರೆ ಹಾಕುತ್ತ, ಪ್ರತಿ ಹೆಸರನ್ನೂ ಎರಡೆರಡು ಸಲ ಓದಿಕೊಳ್ಳುತ್ತಿದ್ದಾಳೆ. ಬಾಯ್ತುಂಬ ಪೇಸ್ಟಿನ ನೊರೆ ತುಂಬಿಕೊಂಡ ಪುಟಾಣಿಯೊಂದು ಬಾಗಿಲಲ್ಲಿ ಇಣುಕುತ್ತದೆ.

"ಮುಲಾಮು ಅಕ್ಕಾ, ಸೊಳ್ಳೆ ಕಚ್ಚಿದೆ!"

"ಮೊದಲು ಉಗುಳಿ ಬಾರೇ. ಸೊಳ್ಳೆ ಕಡಿತ ಎಲ್ಲೂ ಓಡಿಹೋಗಲ್ಲ."

ಮುಲಾಮು ಅಕ್ಕ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಸಹಪಾಠಿಗಳು ರಜೆಗೆ ಮನೆ ಸೇರಿದ್ದಾರೆ, ಇವಳು ಇಲ್ಲಿದ್ದಾಳೆ. ನೂರಾ ಹನ್ನೆರಡು ಮಕ್ಕಳು. ಅವರಲ್ಲಿ ಹದಿನೇಳು ಮಂದಿಗೆ ದಿನವೂ ಔಷಧಿ. ಸಂಜೆಯೊಳಗೆ ನಲವತ್ತು ಮಂದಿಯಾದರೂ ಕೋಣೆಗೆ ಬಂದು ಹೋಗುತ್ತಾರೆ. ಅರ್ಧಕ್ಕರ್ಧ ತರಚಿದ ಮೊಣಕಾಲು. "ಉಳಿದಿದ್ದು ಅಮ್ಮನ ನೆನಪು. ಅದಕ್ಕೆ ಮುಲಾಮಿಲ್ಲ, ಪಕ್ಕದಲ್ಲಿ ಕೂರಿಸ್ಕೋಬೇಕು ಅಷ್ಟೇ" ಎನ್ನುತ್ತಾಳೆ.

ಇವಳ ತಾಯಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುತ್ತಾರೆ. ಮೊದಲ ವರ್ಷ ಗಾಯಕ್ಕೆ ಪಟ್ಟಿ ಕಟ್ಟುವಾಗ ಮಗಳು ತಲೆ ತಿರುಗಿ ಬಿದ್ದಿದ್ದಳು. "ಕಣ್ಣು ಬಿಟ್ರೆ ರೋಗಿನೇ ನಂಗೆ ನೀರು ಕುಡಿಸ್ತಿದ್ರು! ಓದು ಬಿಟ್ಬಿಡ್ತೀನಿ ಅಂದೆ. ಅಮ್ಮ ಬಟ್ಟೆ ಹಿಂಡ್ತಾನೇ, 'ರಕ್ತದ ಹೊದಿಕೆ ನೋಡಿ ನಂಗೂ ಮೊದಮೊದಲು ಊಟ ಸೇರ್ತಿರ್ಲಿಲ್ಲ. ಈಗ ಸೇರುತ್ತೆ' ಅಂದ್ರು."

ಕಳೆದ ವಾರ ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಬಂದಳು. ಮೂರು ದಿನದಿಂದ ಮನೆ ಮನೆ ಎಂದು ಅಳುತ್ತಿದ್ದವಳು. ಶಿಬಿರದ ಮೇಲ್ವಿಚಾರಕರು ನಂಬಲಿಲ್ಲ. "ಮನೆಗೆ ಹೋಗೋಕೆ ನಾಟಕ ಕಣಮ್ಮ. ನೀನಿನ್ನೂ ಓದ್ತಿರೋಳು, ಸುಮ್ನೆ ಗಾಬರಿ ಎಬ್ಬಿಸ್ಬೇಡ."

ಇವಳು ಹುಡುಗಿಯ ಕೈ ಹಿಡಿದುಕೊಂಡಳು. "ಒಂದೇ ಒಂದ್ಸಲ ಕುಪ್ಪಳಿಸು ಪುಟ್ಟಿ, ನೋವು ಎಲ್ಲಿ ಹಿಡಿಯುತ್ತೆ ನೋಡೋಣ."

ಹುಡುಗಿ ಹಿಮ್ಮಡಿ ಎತ್ತಿ ಇಳಿಸಿದಳಷ್ಟೆ, ಹೊಟ್ಟೆಯ ಬಲಭಾಗ ಒತ್ತಿಕೊಂಡು ಕುಸಿದಳು. ಇವಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಆಸ್ಪತ್ರೆಯ ವೈದ್ಯರು, ತಕ್ಷಣ ಕರೆತರಲು ಹೇಳಿದರು. ಮೇಲ್ವಿಚಾರಕರು ಇನ್ನೂ ಹಿಂದೆಮುಂದೆ ನೋಡುತ್ತಿದ್ದರು.

"ಗಾಡಿ ಕಳಿಸಿ ಸರ್. ನಾಟಕ ಅಂತಾದ್ರೆ ನಾಳೇನೇ ನನ್ನನ್ನ ಮನೆಗೆ ಕಳಿಸಿ."

ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ, ಮಗುವಿನ ತಲೆ ಇವಳ ತೊಡೆಯ ಮೇಲೆ. "ದಾರಿಯುದ್ದಕ್ಕೂ ನನ್ನದೇ ತಪ್ಪಾಗ್ಲಿ ಅಂತ ಬೇಡ್ಕೊಂಡೆ. ನಂಗೆ ಬೈಗುಳ ಸಿಕ್ರೂ ಸರಿ, ಮಗುಗೆ ಏನೂ ಆಗಿರ್ಬಾರ್ದು ಅಷ್ಟೇ."

ಅಪೆಂಡಿಕ್ಸ್ ಊದಿ ಒಡೆಯುವ ಹಂತದಲ್ಲಿತ್ತು. ಅಂದು ಸಂಜೆಯೇ ಶಸ್ತ್ರಚಿಕಿತ್ಸೆಯಾಯಿತು. ಹುಡುಗಿ ಈಗ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಳೆ.

ಶಸ್ತ್ರಚಿಕಿತ್ಸೆಯಾದ ಎರಡು ದಿನದ ಬಳಿಕ ಅವಳ ತಂದೆ ಮಗಳ ಬ್ಯಾಗು ಒಯ್ಯಲು ಬಂದಾಗ ಇವಳು ಆರೈಕೆ ಕೋಣೆಯ ನೆಲ ಒರೆಸುತ್ತಿದ್ದಳು. ಸಿಸ್ಟರ್ ಎಲ್ಲಿ ಎಂದು ಅವರು ವಿಚಾರಿಸಿದರು. ಜೊತೆಗೆ ಬಂದಿದ್ದ ಮೇಲ್ವಿಚಾರಕರು ಇವಳತ್ತ ಕೈ ತೋರಿಸಿ, "ಇವರೇ ನಮ್ಮ ಸಿಸ್ಟರ್" ಎಂದರು.

ಅದನ್ನು ಹೇಳುವಾಗ ಮುಲಾಮು ಅಕ್ಕನಿಗೆ ನಗು ತಡೆಯುವುದಿಲ್ಲ. "ಅಲ್ಲೀವರೆಗೂ ಯಾರೂ ನನ್ನನ್ನ ಹಂಗೆ ಕರೆದಿರ್ಲಿಲ್ಲ. ಯಾರು ಬಂದ್ರಪ್ಪಾ ಅಂತ ಹಿಂದೆ ತಿರುಗಿ ನೋಡ್ಬಿಟ್ಟೆ."