ನಾನೇ ಸಡಿಲಿಸಿದ ಮೂರನೇ ಕ್ಲಿಪ್

ಕಾರು ಮಿಸ್ಸಿಂಗ್ ಹೊಡೆಯಲು, ಅಂದರೆ ಇಂಜಿನ್ ತಡೆತಡೆದು ಓಡಲು, ಹತ್ತು ಕಾರಣಗಳಿರುತ್ತವೆ. ಅಂದು ನನ್ನ ಕಾರಿಗಿದ್ದ ಕಾರಣ ನಾನೇ. ಹುಳಿಮಾವಿನ ಗ್ಯಾರೇಜಿಗೆ ಇನ್ನೊಂದು ತಿರುವು ಇರುವಾಗ ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಮೂರನೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್‌ನ ವೈರ್ ಕ್ಲಿಪ್ಪನ್ನು ಸ್ವಲ್ಪವೇ ಎಳೆದು ಸಡಿಲಿಸಿದೆ. ಇಂಜಿನ್ ನಡುಗತೊಡಗಿತು. ಹಾಗೇ ತಂದು ಗೆಳೆಯನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಸುಮ್ಮನೆ ಹೋಗಲು ಮುಖವಿರಲಿಲ್ಲ. ಕೆಟ್ಟ ಗಾಡಿಯಿದ್ದರೆ ಮಾತಿಗೊಂದು ನೆಪವಾಗುತ್ತದೆ ಎಂದುಕೊಂಡಿದ್ದೆ.

ನಾವಿಬ್ಬರೂ ಬನಶಂಕರಿಯ ಒಂದೇ ಶೆಡ್ಡಿನಲ್ಲಿ ಕೆಲಸ ಕಲಿತವರು. ಅವನು ಇಂಜಿನ್ ಹಿಡಿದ, ನಾನು ಹಳೆ ಕಾರುಗಳ ವ್ಯಾಪಾರ ಹಿಡಿದೆ. ಇಪ್ಪತ್ತು ವರ್ಷ ನನ್ನ ಪ್ರತಿ ಗಾಡಿಯೂ ಅವನ ಕೈ ದಾಟಿಯೇ ಹೋಯಿತು. ಎರಡು ವರ್ಷದ ಹಿಂದೆ ಅವನ ಅಕ್ಕ, ಅಂಜನಾಪುರದಲ್ಲಿ ಬೇಕರಿ ಹಾಕಬೇಕೆಂದು, ತಮ್ಮ ಕಾರು ಮಾರಲು ಹೊರಟರು. ನಾನೇ ನೋಡಲು ಹೋದೆ. ಅವರು ಕಾಫಿ ತರಲು ಒಳಗೆ ಹೋದಾಗ ಆ ಕಾರಿನ ಮೂರನೇ ಕ್ಲಿಪ್ಪನ್ನೂ ಹೀಗೇ ಎಳೆದೆ.

"ಇಂಜಿನ್ ಕೆಲ್ಸ ಇದೆ ಅಕ್ಕ, ದೊಡ್ಡ ಖರ್ಚು. ನಮ್ಮೋರು ಅಂತ ತಗೋತಿದ್ದೀನಿ."

ಅವರು ಬೆಲೆ ಇಳಿಸಿದ್ದಲ್ಲದೆ, ತಮ್ಮನ ಹತ್ತಿರ ನನ್ನನ್ನು ಹೊಗಳಿದರಂತೆ. ಹಿಂದಿನ ವಾರವಷ್ಟೇ ಆ ಇಂಜಿನ್ನಿಗೆ ಸರ್ವಿಸ್ ಮಾಡಿದ್ದವನು ಅವನು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಹಳೆ ಕಾರು ಮಾರುವವರಿಗೆ ಒಂದು ಮಾತು: ನೋಡಲು ಬಂದವನನ್ನು ತೆರೆದ ಬಾನೆಟ್ಟಿನ ಹತ್ತಿರ ಒಬ್ಬನನ್ನೇ ಬಿಡಬೇಡಿ, ಅವನು ತಮ್ಮನ ಗೆಳೆಯನಾದರೂ ಸರಿ. ಕಾಫಿ ಆಮೇಲೆ ಕೊಟ್ಟರಾಯಿತು.

ಗೆಳೆಯ ಕೈ ಒರೆಸಿಕೊಳ್ಳುತ್ತ ಹೊರಬಂದ.

"ಏನ್ ಪ್ರಾಬ್ಲಂ ಸಾರ್?"

ಇಪ್ಪತ್ತು ವರ್ಷ ನನ್ನನ್ನು 'ಲೋ' ಎಂದೇ ಕರೆದ ಬಾಯಿ ಅದು.

"ಮಿಸ್ಸಿಂಗ್ ಕಣೋ, ಎರಡ್ ದಿನದಿಂದ. ಪ್ಲಗ್ಗೋ, ಪೆಟ್ರೋಲೋ, ಗೊತ್ತಾಗ್ತಿಲ್ಲ."

"ಇಷ್ಟ್ ವರ್ಷ ಗಾಡಿ ಮಾರಿದೀರ. ನಿಮಗ್ ಗೊತ್ತಾಗಲ್ವಾ ಸಾರ್?"

ನಾನು ನಕ್ಕೆ. ಅವನು ನಗಲಿಲ್ಲ.

ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ಹೊಗೆ ತಡೆತಡೆದು ಬಡಿಯುವುದನ್ನು ಗಮನಿಸಿದ. ನನಗೆ ಆಸೆ ಹುಟ್ಟಿತು. ಮೊದಲಿನಂತೆ ಒಂದೊಂದೇ ಕ್ಲಿಪ್ ಕಿತ್ತು ನೋಡುತ್ತಾನೆ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಆಮೇಲೆ ಕಾಯಿಲ್ ಅದಲುಬದಲು ಮಾಡುತ್ತಾನೆ, ಪ್ಲಗ್ ಬಿಚ್ಚುತ್ತಾನೆ. ಅಷ್ಟರಲ್ಲಿ ಎರಡು ಟೀ ಆಗುತ್ತದೆ, ಅಕ್ಕನ ವಿಷಯ ಎತ್ತುತ್ತೇನೆ, ತಪ್ಪಾಯ್ತು ಎನ್ನುತ್ತೇನೆ.

"ಆಫ್ ಮಾಡಿ ಸಾರ್."

ಬಾನೆಟ್ ಎತ್ತಿದವನು ಏನನ್ನೂ ಕೀಳಲಿಲ್ಲ. ಮೂರನೆಯದರ ಮೇಲೆ ಬಗ್ಗಿ ನೋಡಿ, ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಸ್ಟಾರ್ಟ್ ಮಾಡಿದೆ. ನಡುಕವಿರಲಿಲ್ಲ.

"ಎರಡ್ ದಿನದ್ದಲ್ಲ ಇದು. ಧೂಳಲ್ಲಿ ಬೆರಳಿನ ಗುರುತು ಹೊಸದಾಗೇ ಇದೆ."

ತಪ್ಪಾಯ್ತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, "ಎಷ್ಟು ಕೊಡ್ಲಿ?"

ಅವನು ಬಾನೆಟ್ ಮುಚ್ಚಿದ. "ಏನೂ ಬೇಡ. ಕೆಲ್ಸಾನೇ ಇರ್ಲಿಲ್ವಲ್ಲ."

ಅಡ್ಡ ನಿಂತಿದ್ದ ಸ್ಕೂಟರನ್ನು ಅವನೇ ಸರಿಸಿದ. ರಸ್ತೆಗಿಳಿದು, ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದು, ನಾನು ರಿವರ್ಸ್ ತೆಗೆಯಲು ಜಾಗ ಮಾಡಿಕೊಟ್ಟ.

"ಬರ್ಲಿ, ಬರ್ಲಿ. ಬಲಕ್ಕೆ ಕಟ್ ಮಾಡಿ ಸಾರ್. ಹಾಂ, ಹೋಗಿ."

ಯಾವ ಗಿರಾಕಿಗಾದರೂ ಅವನು ಅಷ್ಟು ಮಾಡುತ್ತಿದ್ದ.