ಕಡ್ಡಿ ಇಲ್ಲದ ಫೋನು

ಈಗಿನ ಹುಡುಗಿಯರಿಗೆ ಹೇಳಿದರೆ ನಂಬುವುದಿಲ್ಲ, ನಾನು ಕೊಂಡ ಮೊದಲ ಟಚ್‌ಸ್ಕ್ರೀನ್ ಫೋನಿಗೆ ಬೆರಳೆಂದರೆ ಆಗಿಬರುತ್ತಿರಲಿಲ್ಲ. ಪರದೆ ಗಾಜಿನದಲ್ಲ, ಮೆತ್ತನೆಯ ಪ್ಲಾಸ್ಟಿಕ್ಕಿನದು. ಹಗುರವಾಗಿ ಮುಟ್ಟಿದರೆ ಕಿವುಡನ ಹಾಗೆ ಸುಮ್ಮನಿರುತ್ತಿತ್ತು, ಒತ್ತಬೇಕು. ಅಕ್ಷರಗಳು ಜೋಳದ ಕಾಳಿಗಿಂತ ಸಣ್ಣವು. ಹೆಸರುಗಳನ್ನು ಮೇಲೆ ಕೆಳಗೆ ಸರಿಸಲು ಪಕ್ಕದಲ್ಲಿ ದಾರದಷ್ಟು ತೆಳ್ಳಗಿನ ಗೆರೆ. ಅದಕ್ಕೆಂದೇ ಫೋನಿನ ಕೆಳಮೂಲೆಯ ತೂತಿನಲ್ಲಿ ಒಂದು ಪುಟ್ಟ ಕಡ್ಡಿ ಇಟ್ಟು ಕೊಟ್ಟಿದ್ದರು. ಕಡ್ಡಿ ಕೈಯಲ್ಲಿದ್ದರೆ ಫೋನು ಹೇಳಿದಂತೆ ಕೇಳುತ್ತಿತ್ತು. ಇಲ್ಲದಿದ್ದರೆ ದೇವರೇ ಗತಿ.

ನಿಲಂಗಾದ ಶಾಲೆಯಲ್ಲಿ ನೌಕರಿ ಸಿಕ್ಕಾಗ ಮೊದಲ ಪಗಾರದಲ್ಲಿ ಕೊಂಡದ್ದು ಅದು. ಅಲ್ಲಿಯವರೆಗೆ ನನ್ನ ಮೈಮೇಲಿನ ಬಟ್ಟೆಯೂ ಅಕ್ಕ ಉಟ್ಟು ಬಿಟ್ಟದ್ದೇ. ನನ್ನದು ಎಂದು ಎದೆ ತಟ್ಟಿ ಹೇಳಬಹುದಾದ ಮೊದಲ ವಸ್ತು ಆ ಫೋನು. ನಮ್ಮೂರು ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಡ್ಡಿ ಹಿಡಿದು ಅದರ ಮೂಲೆಮೂಲೆ ಕಲಿತಿದ್ದೆ. ಕ್ಯಾಮೆರಾ ಮಬ್ಬು, ಬ್ಯಾಟರಿ ಗಟ್ಟಿ, ಸ್ಪೀಕರು ಲಗ್ನದ ಬ್ಯಾಂಡಿನಷ್ಟು ಜೋರು. ಎರಡು ಕೆಲಸ ಒಮ್ಮೆಲೇ ಹೇಳಿದರೆ ಒಳಗಿನ ಸಾಫ್ಟ್‌ವೇರ್ ಅಲ್ಲೇ ಹ್ಯಾಂಗಾಗಿ ನಿಲ್ಲುತ್ತಿತ್ತು. ಕುಂದುಗಳೆಲ್ಲ ಗೊತ್ತಿದ್ದವು, ಆದರೂ ಅದರ ಮೇಲೆ ಜೀವ.

ಆ ವರ್ಷವೇ ಅಕ್ಕನನ್ನು ಉದಗೀರಿಗೆ ಕೊಟ್ಟರು. ಅಕ್ಕನ ಗಂಡನನ್ನು ನಾವು ಮರಾಠಿಯವರ ಹಾಗೆ ದಾಜಿ ಎನ್ನುತ್ತೇವೆ. ದಾಜಿ ಲಗ್ನದ ನಂತರದ ಮೊದಲ ದಿವಾಳಿ ಹಬ್ಬಕ್ಕೆ ಉಮರ್ಗಾಕ್ಕೆ, ನಮ್ಮ ಮನೆಗೆ ಬಂದರು. ಮೊದಲ ದಿವಾಳಿಯ ಅಳಿಯ ಮುನಿಸಿಕೊಂಡು ಕೂಡುವುದು ನಮ್ಮಲ್ಲಿ ಪದ್ಧತಿ. ಎಣ್ಣೆ ಹಚ್ಚಿ, ನೀರು ಹಾಕಿ, ಆರತಿ ಎತ್ತಿ ತಾಟಿನ ಮುಂದೆ ಕೂಡಿಸಿದರೂ ತುತ್ತು ಮುಟ್ಟುವುದಿಲ್ಲ. ಮಾವ ಉಂಗುರವನ್ನೋ ಗಡಿಯಾರವನ್ನೋ ಮುಂದಿಟ್ಟ ಮೇಲೆ ನಕ್ಕು ಉಣ್ಣುತ್ತಾನೆ. ಅವನು ಉಣ್ಣುವವರೆಗೆ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಅದೊಂದು ಚೇಷ್ಟೆ, ನಾಲ್ಕು ಜನ ನಗಲಿ ಎಂದು ಮಾಡುವುದು. ದಾಜಿ ಅದನ್ನು ಧಂದೆ ಮಾಡಿಕೊಂಡರು.

ಅಪ್ಪ ಉಂಗುರ ಇಟ್ಟರು. ದಾಜಿ ಅದನ್ನು ಬೆರಳಿಗೆ ಏರಿಸಿಕೊಂಡು, ನನ್ನ ಕೈಯಲ್ಲಿದ್ದ ಫೋನಿನ ಕಡೆ ಗದ್ದ ಎತ್ತಿ ತೋರಿಸಿದರು.

"ಆ ಟಚ್‌ಸ್ಕ್ರೀನ್ ಭೀ ಕೊಡಸ್ರಿ ಮಾವಾರ. ಸಾಲಿ ಕಲಸೂ ಹೆಣ್ಮಗಳಿಗಿ ಅದ್ಯಾಕ ಬೇಕ್ರಿ?"

ಹೋಳಿಗೆ ಆರುತ್ತಿತ್ತು. ಅಪ್ಪ ನೆಲ ನೋಡಿದರು. ಅವ್ವ ನನ್ನ ಕಿವಿಯ ಹತ್ತಿರ ಬಂದು, "ಕೊಟ್ಟಬಿಡವಾ, ಹಬ್ಬದ ದಿನ ಅದ" ಎಂದಳು. ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಡಿದು ನೋಡುತ್ತ ನಿಂತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

"ಸಿಮ್ ತಕ್ಕೊಂಡು ಕೊಡ್ತೀನ್ರಿ" ಎಂದು ಒಳಗೆ ಹೋದೆ. ಸಿಮ್ ತೆಗೆದೆ. ಒಳಗಿದ್ದದ್ದನ್ನೆಲ್ಲ ಅಳಿಸಿದೆ. ಆಮೇಲೆ ಕಡ್ಡಿಯನ್ನೂ ಎಳೆದು ನನ್ನ ಜಡೆಯೊಳಗೆ ಸಿಕ್ಕಿಸಿಕೊಂಡೆ. ಕಪ್ಪು ಕಡ್ಡಿ, ಕೂದಲಲ್ಲಿ ಕಾಣಲೇ ಇಲ್ಲ. ಹೊರಗೆ ಬಂದು ಫೋನು ಕೊಟ್ಟು, ದಾಜಿಯ ಹೋಳಿಗೆಗೆ ನಾನೇ ತುಪ್ಪ ಬಡಿಸಿದೆ.

ಎಲ್ಲ ಅಳಿಸಿದ ಮೇಲೆ ಆ ಫೋನು ಮೊದಲಿನಿಂದ ಪಾಠ ಹೇಳಿಸಿಕೊಳ್ಳುತ್ತಿತ್ತು. ಪರದೆಯ ಮೂಲೆಗಳಲ್ಲಿ ಕೂಡಿಸುವ ಗುರುತು ಬರುತ್ತದೆ, ಅದರ ನಟ್ಟನಡುವೆ ಕಡ್ಡಿಯಿಂದ ಚುಚ್ಚಬೇಕು. ಹಾಗೆ ಚುಚ್ಚಿದರೆ ಮಾತ್ರ ಎಲ್ಲಿ ಮುಟ್ಟಿದ್ದಾರೆ ಎಂಬುದು ಅದಕ್ಕೆ ಸರಿಯಾಗಿ ತಿಳಿಯುತ್ತದೆ. ದಾಜಿ ತುಪ್ಪದ ಹೆಬ್ಬೆಟ್ಟಿನಿಂದ ಆಚೀಚೆ ಒತ್ತಿದರು. ಅಂದಿನಿಂದ ಮುಟ್ಟುವ ಹೆಸರು ಒಂದು, ಫೋನು ಹೋಗುವುದು ಇನ್ನೊಂದಕ್ಕೆ.

ಸುದ್ದಿಯೆಲ್ಲ ಅಕ್ಕ ಅಪ್ಪನ ಫೋನಿಗೆ ಕರೆ ಮಾಡಿ ನನಗೆ ಹೇಳುತ್ತಿದ್ದಳು, ನಗದೆ, ಅಳದೆ. ದಾಜಿ ಕಾಳುಕಡಿಯ ಆಡತ್ ವ್ಯಾಪಾರಿಗೆ ಫೋನು ಹಚ್ಚಿದರೆ ಬೋರ್‌ವೆಲ್ ರಿಪೇರಿಯವನು ಎತ್ತಿದನಂತೆ. ತಮ್ಮ ಅಪ್ಪನ ಜಿಪುಣತನದ ಬಗ್ಗೆ ಗೆಳೆಯನಿಗೆ ಹೇಳಹೋದದ್ದು ನೇರ ಅಪ್ಪನ ಕಿವಿಗೇ ಬಿತ್ತಂತೆ. ಕೊನೆಗೆ ದಾಜಿ ಹೆಬ್ಬೆಟ್ಟಿನ ಉಗುರು ಬೆಳೆಸಿದರಂತೆ. ಪೂಜೆಗೆ ಕೂತಾಗ ವಿಭೂತಿ ಹಚ್ಚುವ ಕೈಯಲ್ಲಿ ಆ ಉಗುರು ಕಂಡು ಅವರಪ್ಪ ಕೂಗಾಡಿ ಕತ್ತರಿಸಿಕೊಳ್ಳುವಂತೆ ಮಾಡಿದರಂತೆ. ಕೇಳಿ ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಶಾಲೆಗೆ ಹೋಗುವಾಗಲೂ ಆ ಕಡ್ಡಿ ಜಡೆಯಲ್ಲೇ ಇರುತ್ತಿತ್ತು.

ನಾಗರ ಪಂಚಮಿಗೆ ಅಕ್ಕನ ಜೊತೆ ದಾಜಿಯೂ ಬಂದರು. ಊಟಕ್ಕೆ ಕೂಡುವ ಮೊದಲು ಫೋನನ್ನು ನನ್ನ ಮುಂದೆ ಎಸೆದರು.

"ಈ ಡಬ್ಬಾದಾಗ ಏನು ಖರಾಬ್ ಅದ ನೋಡು. ನೀ ಓದಿದಾಕಿ."

ನಾನು ಹಿಂದೆ ಮುಂದೆ ತಿರುಗಿಸಿದೆ, ಮುಚ್ಚಳ ತೆಗೆದೆ, ಬ್ಯಾಟರಿ ಊದಿ ಒರೆಸಿ ಹಾಕಿದೆ. ಎಲ್ಲರೂ ನೋಡುತ್ತಿದ್ದರು. ಅವಸರವೇ ಮಾಡಲಿಲ್ಲ.

"ಹಾರ್ಡ್‌ವೇರ್ ಚಲೋ ಅದ ರೀ ದಾಜಿ. ಸಾಫ್ಟ್‌ವೇರ್ ಭೀ ಚಲೋ ಅದ. ನಿಮ್ಮ ಬೆರಳೇ ದಪ್ಪ ಅವ."

ಅಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ದಾಜಿ ತಾಟು ಆಚೆ ದೂಡಿ, ಗೋಡೆಗೆ ಮುಖ ಮಾಡಿ ಕೂತರು. ಮತ್ತೆ ಮುನಿಸು. ಮತ್ತೆ ಎಲ್ಲರೂ ತಾಟಿನ ಮುಂದೆ ಕೈ ಕಟ್ಟಿ ಕೂತರು.

ನಾನು ಅಡುಗೆಮನೆಗೆ ಎದ್ದು ಹೋದೆ. ಅಕ್ಕ ಹಿಂದೆಯೇ ಬಂದು, ಬಿಚ್ಚಿಕೊಳ್ಳುತ್ತಿದ್ದ ನನ್ನ ಜಡೆಯನ್ನು ಬಿಗಿಯಲು ಕೈ ಹಾಕಿದಳು. ಕಡ್ಡಿ ಅವಳ ಕೈಗೆ ಬಂತು. ತಿರುಗಿಸಿ ನೋಡಿದಳು.

"ಇದು ಆ ಫೋನಿಂದ ಹೌದಿಲ್ಲೋ?"

ಹೌದೆಂದೆ. ಕೊಟ್ಟುಬಿಡು, ಅವರು ಉಣ್ಣಲಿ ಎನ್ನುತ್ತಾಳೆಂದೇ ತಿಳಿದೆ.

"ಮನ್ಯಾಗ ದಿನಾ ಹಿಂಗೇ ಕೂಡ್ತಾರ" ಎಂದಳು. "ಉಪ್ಪು ಕಮ್ಮಿ ಆದ್ರ ಮುನಿಸು, ತವರಿಗಿ ಫೋನ್ ಮಾಡಿದ್ರ ಮುನಿಸು. ಅವರು ಉಣ್ಣೂತನಾ ನನಗ ಊಟಿಲ್ಲ."

ಕಡ್ಡಿಯನ್ನು ಮತ್ತೆ ನನ್ನ ಜಡೆಯೊಳಗೆ, ಮೊದಲಿಗಿಂತ ಆಳಕ್ಕೆ ತುರುಕಿದಳು. "ಕೊಡಬ್ಯಾಡ" ಎಂದಳು.

ಆಮೇಲೆ ತಾಟು ತಗೊಂಡು ತಾನೇ ಬಡಿಸಿಕೊಂಡಳು. ಗೋಡೆಗೆ ಮುಖ ಮಾಡಿದ ದಾಜಿಯ ಮಗ್ಗುಲಿಗೇ ಹೋಗಿ ಕೂತು, ಎಲ್ಲರಿಗಿಂತ ಮೊದಲು ಉಂಡಳು.