ಒಂದೇ ಬಾಗಿಲು, ಎರಡು ಒಲೆ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಮಕ್ಕಳ ಡಾಕ್ಟರಾಗಲು ಓದುತ್ತಿದ್ದ ಹೈದರಾಬಾದಿನವನೊಬ್ಬ ಚಳಿಜ್ವರದ ಸಂಶೋಧನೆಗೆಂದು ಹುಮನಾಬಾದಿಗೆ ಬಂದ. ಅವನ ಉರ್ದುವನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಲು ನನ್ನನ್ನು ಕರೆದುಕೊಂಡ. ಅವನ ಕಾಯಿದೆ ಹೀಗಿತ್ತು: ಒಂದು ಮನೆಯ ಮಕ್ಕಳಿಗೆ ಗುಳಿಗೆ ಕೊಡುವುದು, ಪಕ್ಕದ ಮನೆಯ ಮಕ್ಕಳ ಜ್ವರ ಬರೆದುಕೊಳ್ಳುವುದಷ್ಟೆ. ಕಡೆಗೆ ಎರಡನ್ನೂ ಹೋಲಿಸಿ ನೋಡಬೇಕಂತೆ.

ಕಲ್ಯಾಣದ ಕಡೆಯ ಮಂಠಾಳದಲ್ಲಿ ಒಂದೇ ಬಾಗಿಲೊಳಗೆ ಇಬ್ಬರು ವಾರಗಿತ್ತಿಯರಿದ್ದರು. ಕಿರಿಯವಳ ಮಗುವಿಗೆ ವಾರಕ್ಕಾಗುವಷ್ಟು ಗುಳಿಗೆ ಕೊಟ್ಟಾಯಿತು. ಹಿರಿಯವಳ ಮಗು ಕೌದಿಯೊಳಗೆ ನಡುಗುತ್ತಿತ್ತು.

"ಇದೂ ಅದೇ ಮನೆಯ ಮಗುವೇ, ಕೇಳು" ಎಂದು ಡಾಕ್ಟರ್ ನನಗೆ ಅಂದ.

ಹಿರಿಯವಳು ಠೀವಿಯಿಂದ, "ಅಲ್ರಿ. ಯುಗಾದಿಗೇ ನಮ್ಮ ಒಲಿ ಬ್ಯಾರೆ ಆಗ್ಯಾವ. ಆಕಿ ಕಡಿ ನೀರೂ ಮುಟ್ಟಂಗಿಲ್ಲ ನಾ" ಅಂದಳು.

ಬುದ್ಧಿಗೇಡಿ ನಾನು, ಅಂದದ್ದನ್ನು ಅಂದಂತೆಯೇ ಹೇಳಿಬಿಟ್ಟೆ.

"ಹಾಗಾದರೆ ಇದು ಪಕ್ಕದ ಮನೆ" ಎಂದು ಬರೆದುಕೊಂಡು ಅವನು ಚೀಲ ಕಟ್ಟಿದ.

ನನಗೆ ಮೈಯೆಲ್ಲ ಉರಿಯಿತು. "ಸಾಹೇಬ್ರ, ಕೂಸು ನಡಗಾಕತ್ತದ. ಗುಳಿಗಿ ನಿಮ್ಮ ಚೀಲದಾಗೇ ಅದಾವಲ್ರಿ."

"ಕೊಟ್ಟರೆ ಸಂಶೋಧನೆ ಕೆಡುತ್ತದೆ."

"ಕೆಡಲಿ."

ನಮ್ಮ ಉರ್ದು ತಿಳಿಯದ ಕಿರಿಯವಳು ಏನು ಜಗಳವೆಂದು ಕೇಳಿದಳು. ಹೇಳಿದೆ. ಅವಳು ತನ್ನ ಮಗುವಿಗೆ ಕೊಟ್ಟಿದ್ದ ಗುಳಿಗೆಗಳಲ್ಲಿ ಅರ್ಧ ತಂದು ಹಿರಿಯವಳ ಕೈಗೆ ಸುರಿದಳು.

"ನನ್ನ ಮ್ಯಾಲ ಸಿಟ್ಟಿರಲಿ ಅಕ್ಕಾ. ಮೊದಲು ಇದನ್ನ ನುಂಗಸು."

ಆ ಮಹಾಶಯ ತನ್ನ ಲೆಕ್ಕದ ಪುಸ್ತಕದಲ್ಲಿ ಇಡೀ ಮನೆಯ ಹೆಸರನ್ನೇ ಹೊಡೆದುಹಾಕಿದ. ನಾನು ಅಲ್ಲೇ ಅವನ ಕೆಲಸ ಬಿಟ್ಟೆ. ಮರುವಾರ ಹೋದಾಗ ಎರಡೂ ಮಕ್ಕಳು ಅಂಗಳದಲ್ಲಿ ಬಡಿದಾಡುತ್ತಿದ್ದವು. ಅವನ ಸಂಶೋಧನೆಯಲ್ಲಿ ಮಾತ್ರ ಅವು ಇನ್ನೂ ಹುಟ್ಟಿಲ್ಲ.